ಗೆರೆ ಓದಲು ಕಲಿಸಿದ ಮೊಮ್ಮಗಳು

ಮಕ್ಕಳೇ, ನಮ್ಮ ಮುದಗಲ್ಲಿನಲ್ಲಿ ಮೊಹರಂ ಬಂತೆಂದರೆ ಓಣಿಗಳಲ್ಲಿ ಗಾಡಿ ನಿಲ್ಲಿಸಲು ಜಾಗವೇ ಸಿಗುವುದಿಲ್ಲ. ನನ್ನ ಮಗ ಇರುವ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ದಿನವೂ ಇದೇ ಪಾಡು. ಅಲ್ಲಿಗೆ ಹೋದಾಗ ರಸ್ತೆಯ ಗೆರೆ ಓದಲು ಕಲಿಸಿದವಳು ಮೊಮ್ಮಗಳು.

"ನೀಲಿ ಗೆರಿ ಇದ್ರ ಯಾರಾದ್ರೂ ರೊಕ್ಕ ಕೊಟ್ಟು ನಿಲ್ಲಿಸಬಹುದು ಅಜ್ಜಾ. ಹಸಿರು ಆ ಓಣಿಯವರಿಗೆ; ಹೊರಗಿನವರಿಗೆ ಸ್ವಲ್ಪ ಹೊತ್ತು, ರೇಟೂ ಜಾಸ್ತಿ. ಅಂಚಿಗೆ ಹಳದಿ ಇದ್ರ ಮುಂದ ಹೋಗಬೇಕು."

ಯಂತ್ರದಲ್ಲಿ ಗಾಡಿಯ ನಂಬರು ಒತ್ತಬೇಕು. ಹೆಚ್ಚು ಹೊಗೆ ಬಿಡುವ ಗಾಡಿಗೆ ಹೆಚ್ಚು ದರ, ವಿದ್ಯುತ್ ಕಾರಿಗೆ ಪುಕ್ಕಟೆ. ಭಾನುವಾರ ಎಲ್ಲರಿಗೂ ಪುಕ್ಕಟೆ. ಬ್ಯಾಂಕಿನ ಬಡ್ಡಿ ಪಟ್ಟಿ ಇದಕ್ಕಿಂತ ಸರಳ!

ನನಗೆ ಹಿಡಿಸಿದ್ದು ಗ್ಯಾರೇಜ್ ಬಾಗಿಲಿನ 'ವಾದೊ' ಫಲಕ. ಮನೆಯವರು ವರ್ಷವರ್ಷ ನಗರಾಡಳಿತಕ್ಕೆ ಶುಲ್ಕ ಕಟ್ಟುತ್ತಾರೆ. ಅದಕ್ಕೆ ಅಡ್ಡ ನಿಲ್ಲಿಸಿದ ಕಾರನ್ನು ಎತ್ತಿಕೊಂಡು ಹೋಗುತ್ತಾರೆ. ನಮ್ಮ ಓಣಿಯಲ್ಲಿ ಒಂದು ರಾತ್ರಿ ಪಕ್ಕದ ಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು. ಬಾಗಿಲಿಗೆ ಅಡ್ಡ ನಿಂತ ಕಾರಿನ ಯಜಮಾನನನ್ನು ಅರ್ಧ ತಾಸು ಹುಡುಕಿದೆವು. ಅಜ್ಜಿ ಅಷ್ಟು ಹೊತ್ತೂ ಕಟ್ಟೆಯ ಮೇಲೆ ನರಳುತ್ತ ಕೂತಿದ್ದರು.

ಒಂದು ಫಲಕ ಮಾತ್ರ ಎರಡೂ ದೇಶಗಳಲ್ಲಿ ಒಂದೇ: ನೀಲಿ ದುಂಡಿನ ಮೇಲೆ ಕೆಂಪು ಓರೆಗೆರೆ ಒಂದಿದ್ದರೆ ಗಾಡಿ ನಿಲ್ಲಿಸಿ ಹೋಗುವಂತಿಲ್ಲ. ಎರಡು ಗೆರೆ ಕತ್ತರಿಯಂತಿದ್ದರೆ ಕ್ಷಣವೂ ನಿಲ್ಲುವಂತಿಲ್ಲ. ಲಿಂಗಸುಗೂರಿಗೋ ರಾಯಚೂರಿಗೋ ಹೋದಾಗ ಎಷ್ಟು ಸಿಗುತ್ತವೆ, ಅಜ್ಜನ ಕೈ ಹಿಡಿದು ಎಣಿಸಿ.