ಯಾರ ತಪ್ಪು?

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಗಿತ್ತು. ಆಫೀಸಿನ ಗಡಿಬಿಡಿ ಅಂತ ನೆಪ ಹೇಳಬಹುದು, ಆದರೆ ನಿಜವಾದ ಕಾರಣ ಅದಲ್ಲ. ಅಪ್ಪನಿಗೆ ಹುಷಾರಿರಲಿಲ್ಲ. ಈಗ ಪರವಾಗಿಲ್ಲ. ಅದಕ್ಕೇ ಬರೆಯೋಕೆ ಸ್ವಲ್ಪ ಧೈರ್ಯ ಬಂದಿದೆ.

ನಮ್ಮೂರು ಮಹಾಕೂಟದ ಹತ್ತಿರ. ಬಾದಾಮಿಗೆ ಬಂದವರು ಗುಹೆಗಳನ್ನು ನೋಡಿ ಸೀದಾ ಪಟ್ಟದಕಲ್ಲಿಗೆ ಓಡಿಬಿಡ್ತಾರೆ, ಗುಡ್ಡದ ಮಗ್ಗುಲಲ್ಲಿರೋ ಮಹಾಕೂಟ ಎಷ್ಟೋ ಜನಕ್ಕೆ ತಪ್ಪಿಹೋಗುತ್ತೆ. ಚಾಲುಕ್ಯರ ಕಾಲದ ಗುಡಿಗಳು, ನಡುವೆ ಬುಗ್ಗೆ ನೀರಿನ ಪುಷ್ಕರಣಿ. ಅದರಲ್ಲಿ ಮುಳುಗಿ ಎದ್ರೆ ಪಾಪ ಹೋಗುತ್ತೆ ಅಂತ ನಮ್ಮ ಕಡೆ ನಂಬಿಕೆ. ನಾನು ಈಜು ಕಲಿತಿದ್ದೇ ಅಲ್ಲಿ. ಆ ಲೆಕ್ಕದಲ್ಲಿ ನನ್ನ ಖಾತೆಯಲ್ಲಿ ಒಂದಿಷ್ಟು ಪುಣ್ಯ ಬ್ಯಾಲೆನ್ಸ್ ಇರಬೇಕು :-)

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿಸಿ ಬೆಂಗಳೂರಿಗೆ ಬಂದ ವಾರವೇ ಅಪ್ಪ ಫೋನಿನಲ್ಲಿ ಹೇಳಿದ್ದರು. "ಕುತ್ತಿಗಿ ಹತ್ರ ಒಂದ್ ಗಂಟಾಗೈತಿ ನೋಡೋ ತಮ್ಮಾ. ನೋವೇನಿಲ್ಲ." ನಮ್ಮದು ಆಗ ರಿಲೀಸ್ ಟೈಮು. ಒಂದು ಕಿವಿಯಲ್ಲಿ ಅಪ್ಪ, ಇನ್ನೊಂದರಲ್ಲಿ ಮ್ಯಾನೇಜರು. "ನೋವಿಲ್ಲ ಅಂದ್ರ ಏನಾಗೂದಿಲ್ಲ ಬಿಡಪ್ಪ" ಅಂದುಬಿಟ್ಟೆ. ನನ್ನ ಮಾತು ಅಂದ್ರೆ ಅವರಿಗೆ ವೇದವಾಕ್ಯ, ಮಗ ಇಂಜಿನಿಯರ್ ಅಲ್ವಾ... ಬಿಟ್ಟರು. ಶಿವರಾತ್ರಿಗೆ ಊರಿಗೆ ಹೋದಾಗ ಆ ಗಂಟು ನಿಂಬೆಹಣ್ಣಿನಷ್ಟಾಗಿತ್ತು.

ಬೆಂಗಳೂರಿಗೆ ಕರಕೊಂಡು ಬಂದೆ. ಬಯಾಪ್ಸಿ ಆಯ್ತು. ಫಾಲಿಕ್ಯುಲರ್ ಲಿಂಫೋಮಾ, ಅಂದ್ರೆ ರಕ್ತದ ಬಿಳಿಕಣಗಳ ಒಂದು ಜಾತಿಯ ಕ್ಯಾನ್ಸರ್. ಡಾಕ್ಟರು ಹೇಳಿದ್ದು ಇನ್ನೂ ವಿಚಿತ್ರ: "ಇದು ನಿಧಾನಕ್ಕೆ ಬೆಳೆಯೋದು. ಈಗಲೇ ಔಷಧಿ ಬೇಡ, ಕಾದು ನೋಡೋಣ." ಮನೆಯಲ್ಲಿ ಕ್ಯಾನ್ಸರ್ ಇಟ್ಟುಕೊಂಡು ಸುಮ್ಮನೆ ಕಾಯೋದು ಅಂದ್ರೆ ಏನು ಅಂತ ಅನುಭವಿಸಿದವರಿಗೇ ಗೊತ್ತು.

ಕಾಯೋರಿಗೆ ಮಾಡೋಕೆ ಕೆಲಸ ಇರಲ್ಲ ನೋಡಿ, ಎಲ್ಲರೂ ತಪ್ಪು ಹುಡುಕೋಕೆ ಶುರು ಮಾಡಿದೆವು. ಅವ್ವನಿಗೆ ಯಾರದೋ ಕಣ್ಣು ಬಿದ್ದಿರೋ ಅನುಮಾನ. ಅತ್ತೆಗೆ ಮನೆದೇವರ ಹರಕೆ ಬಾಕಿ ಇರೋದು ನೆನಪಾಯ್ತು. ನನಗೆ ಹೊಲಕ್ಕೆ ಹೊಡೆಯೋ ಕೀಟನಾಶಕದ ಮೇಲೆ ಸಿಟ್ಟು. ಅಪ್ಪನದು ಒಂದೇ ಪ್ರಶ್ನೆ: "ನಾ ಬೀಡಿ ಸೇದಿಲ್ಲ, ಕುಡದಿಲ್ಲ. ಮತ್ ನನಗ್ಯಾಕ ಬಂತು? ಏನ್ ಪಾಪ ಮಾಡೇನಿ?"

ನಮ್ಮ ಕೆಲಸದಲ್ಲಿ 'ಗಿಟ್ ಬ್ಲೇಮ್' ಅಂತ ಒಂದು ಕಮಾಂಡ್ ಇದೆ. ಪ್ರೋಗ್ರಾಮಿನ ಯಾವ ಸಾಲನ್ನು ಯಾರು ಯಾವಾಗ ಬರೆದರು ಅಂತ ಹೆಸರು ಸಮೇತ ತೋರಿಸುತ್ತೆ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ರನ್ ಮಾಡ್ತಾ ಇದ್ದೆವು. ನಾನು ರನ್ ಮಾಡಿದಾಗೆಲ್ಲ ಬರ್ತಾ ಇದ್ದ ಹೆಸರು ಮಾತ್ರ ನನ್ನದೇ. ಆ ಫೋನು, ಆ ನಾಲ್ಕು ತಿಂಗಳು.

ರಿಪೋರ್ಟಿನಲ್ಲಿ 'ಟಿ(14;18)' ಅಂತ ಒಂದು ಗುರುತು ಇತ್ತು. ನನಗೂ ಬಯಾಲಜಿಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಮುಗಿದಿತ್ತು, ಆದ್ರೂ ರಾತ್ರಿಯೆಲ್ಲ ಕೂತು ಹುಡುಕಿದೆ. ಸಿಕ್ಕಿದ್ದು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಲೇಖನ. ಮೊದಲ ಹೆಸರು ಸತೀಶ್ ರಾಘವನ್. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ, ಲಾಸ್ ಏಂಜಲೀಸಿನಲ್ಲಿ ಮೈಕೇಲ್ ಲೀಬರ್ ಅವರ ಪ್ರಯೋಗಾಲಯದಲ್ಲಿ ಮಾಡಿದ ಕೆಲಸ ಅದು. ಆಮೇಲೆ ಅವರು ಸೇರಿದ್ದು ಎಲ್ಲಿಗೆ ಗೊತ್ತಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗಕ್ಕೆ! ನಾನು ದಿನಾ ಬಸ್ಸಿನಲ್ಲಿ ತೂಕಡಿಸ್ತಾ ದಾಟೋ ಟಾಟಾ ಇನ್‌ಸ್ಟಿಟ್ಯೂಟ್ ಕಾಂಪೌಂಡಿನ ಒಳಗೆ. 2013ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿಯೂ ಬಂತು.

ನನಗೆ ಅರ್ಥವಾದಷ್ಟು ಹೇಳ್ತೀನಿ, ತಿಳಿದವರು ತಿದ್ದಿ.

ನಮ್ಮ ಡಿಎನ್‌ಎ ಕಲ್ಲಿನ ಶಾಸನ ಅಲ್ಲ. ಏನೂ ಮಾಡದೆ ಸುಮ್ಮನಿದ್ದರೂ ಪ್ರತಿ ಜೀವಕೋಶದಲ್ಲೂ ದಿನಕ್ಕೆ ಸಾವಿರಾರು ಕಡೆ ಅದು ಹಾಳಾಗ್ತಾ ಇರುತ್ತೆ, ರಿಪೇರಿಯೂ ಆಗ್ತಾ ಇರುತ್ತೆ. ಈ ರಿಪೇರಿಯ ಗುಟ್ಟು ಬಿಡಿಸಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು ನಿಮಗೆ ನೆನಪಿರಬಹುದು.

ಇನ್ನೂ ಆಶ್ಚರ್ಯ ಏನಂದ್ರೆ, ಕೆಲವು ಕಡೆ ನಮ್ಮ ದೇಹ ಬೇಕಂತಲೇ ಡಿಎನ್‌ಎ ಕತ್ತರಿಸುತ್ತೆ. ಲೆಕ್ಕವಿಲ್ಲದಷ್ಟು ರೋಗಾಣುಗಳ ಜತೆ ಹೋರಾಡೋಕೆ ಅಷ್ಟೇ ಬಗೆಯ ಪ್ರತಿಕಾಯಗಳು ಬೇಕು. ಅದಕ್ಕಾಗಿ ಬಿಳಿಕಣದ ಒಂದು ಜಾತಿ ತನ್ನ 14ನೇ ಕ್ರೋಮೋಸೋಮಿನ ತುಂಡುಗಳನ್ನು ಕತ್ತರಿಸಿ, ಬೇರೆ ಬೇರೆ ರೀತಿ ಜೋಡಿಸಿಕೊಳ್ಳುತ್ತೆ. ಕತ್ತರಿಸೋ ಕಿಣ್ವದ ಹೆಸರು ರ‍್ಯಾಗ್. ತುದಿಗಳನ್ನು ಕೊನೆಗೆ ಬೆಸೆಯೋದು ಲೈಗೇಸ್-4.

ಅಪರೂಪಕ್ಕೆ ಅದೇ ಹೊತ್ತಿಗೆ 18ನೇ ಕ್ರೋಮೋಸೋಮೂ ಮುರಿದಿರುತ್ತೆ, ರಿಪೇರಿಯವರು ತಪ್ಪು ತುದಿಗಳನ್ನು ಬೆಸೆದುಬಿಡ್ತಾರೆ. ಆಗ ಬಿಸಿಎಲ್-2 ಅನ್ನೋ ಜೀನು 14ರ ಹತೋಟಿಗೆ ಬಂದು ಅತಿಯಾಗಿ ಕೆಲಸ ಮಾಡುತ್ತೆ, ಸಾಯಬೇಕಾದ ಕಣ ಸಾಯೋದಿಲ್ಲ. ಟಿ(14;18) ಅಂದ್ರೆ ಇದೇ. 18ನೇ ಕ್ರೋಮೋಸೋಮಿನಲ್ಲಿ ಸುಮಾರು 8 ಕೋಟಿ ಅಕ್ಷರಗಳಿವೆ. ಆದರೆ ಈ ಅದಲುಬದಲಿನಲ್ಲಿ ಸುಮಾರು ಅರ್ಧದಷ್ಟು ಸಲ ಅದು ಮುರಿಯೋದು 150 ಅಕ್ಷರಗಳ ಒಂದೇ ಜಾಗದಲ್ಲಿ. ಯಾಕೆ ಅಲ್ಲೇ? ರಾಘವನ್ ಮತ್ತು ಸಂಗಡಿಗರು ಕಂಡುಕೊಂಡಿದ್ದು ಇಷ್ಟು: ಆ ಜಾಗದಲ್ಲಿ ಡಿಎನ್‌ಎ ಎರಡೆಳೆಯ ಮಾಮೂಲಿ ಹುರಿಯಂತೆ ಇರೋದೇ ಇಲ್ಲ, ರೂಪ ಬದಲಿಸಿಕೊಂಡಿರುತ್ತೆ. ಅದನ್ನು ರ‍್ಯಾಗ್ ಕತ್ತರಿಸಬಲ್ಲದು. 2008ರಲ್ಲಿ ಲೀಬರ್ ಅವರ ಪ್ರಯೋಗಾಲಯವೇ ಇದರಲ್ಲಿ ಇನ್ನೊಂದು ಕಿಣ್ವದ ಕೈವಾಡವೂ ಇದ್ದೀತು ಅಂತ ತೋರಿಸಿತು. 2011ರಲ್ಲಿ ರಾಘವನ್ ತಂಡ ಇಲ್ಲಿಂದಲೇ, ಆ ಜಾಗದಲ್ಲಿ ನಾಲ್ಕೆಳೆಯ ಒಂದು ಗಂಟು ಕಟ್ಟಿಕೊಳ್ಳಬಲ್ಲದು ಅಂತ ತೋರಿಸಿತು.

ಅಂದ್ರೆ ಕತ್ತರಿ ಹೊರಗಿಂದ ಬಂದಿದ್ದಲ್ಲ. ಅಪ್ಪನನ್ನು ಐವತ್ತೆಂಟು ವರ್ಷ ಜ್ವರ, ನೆಗಡಿಯಿಂದ ಕಾಪಾಡಿದ ಕತ್ತರಿಯೇ ಒಂದು ದಿನ ಕೈತಪ್ಪಿದೆ.

ನನ್ನನ್ನು ಪೂರ್ತಿ ಅಲ್ಲಾಡಿಸಿದ್ದು ಇನ್ನೊಂದು ಲೇಖನ. 2010ರಲ್ಲಿ ಇದೇ ತಂಡ ಆರೋಗ್ಯವಂತ ಭಾರತೀಯರ ರಕ್ತ ಪರೀಕ್ಷಿಸಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಈ ಟಿ(14;18) ಇರೋ ಕಣಗಳು ಸಿಕ್ಕಿದವು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದೊಂದೇ ಮುರಿತದಿಂದ ಕ್ಯಾನ್ಸರ್ ಆಗಲ್ಲ, ಇನ್ನೂ ಹಲವು ಎಡವಟ್ಟುಗಳು ಸೇರಬೇಕು. ಕೀಟನಾಶಕದ ನಂಟಿನ ಬಗ್ಗೆ ಅಧ್ಯಯನಗಳಿವೆ ನಿಜ, ಆದರೆ ಒಬ್ಬ ಮನುಷ್ಯನನ್ನು ತೋರಿಸಿ ಇವನಿಗೆ ಇದರಿಂದಲೇ ಬಂತು ಅಂತ ಹೇಳೋಕಾಗಲ್ಲ ಅಂದರು ಡಾಕ್ಟರು. ಇದನ್ನು ಓದ್ತಾ ಇರೋ ನಿಮ್ಮಲ್ಲೂ, ಬರೀತಾ ಇರೋ ನನ್ನಲ್ಲೂ ಆ ಕಣ ಇದ್ದರೂ ಇರಬಹುದು.

ಒಂದೂವರೆ ವರ್ಷ ಕಾದಮೇಲೆ ಗಂಟುಗಳು ಹೆಚ್ಚಾದವು, ಔಷಧಿ ಶುರುವಾಯ್ತು. ತಿಂಗಳಿಗೊಂದರಂತೆ ಆರು ಸುತ್ತು. ತಮಾಷೆ ನೋಡಿ, ಕೊಟ್ಟ ಔಷಧಿಗಳಲ್ಲಿ ಒಂದಾದ ಬೆಂಡಮಸ್ಟಿನ್ ಮಾಡೋ ಕೆಲಸವೂ ಡಿಎನ್‌ಎ ಹಾಳುಮಾಡೋದೇ, ರಿಪೇರಿ ಮಾಡಿಕೊಳ್ಳಲಾಗದಷ್ಟು. ಹಾಗಾದ್ರೆ ಕ್ಯಾನ್ಸರ್ ಕಣದ ರಿಪೇರಿಯನ್ನೇ ನಿಲ್ಲಿಸಿದರೆ? ರಾಘವನ್ ತಂಡ ಬೆಂಗಳೂರಿನ ಕೆಎಲ್‌ಇ ಫಾರ್ಮಸಿ ಕಾಲೇಜಿನ ರಸಾಯನಶಾಸ್ತ್ರಜ್ಞರ ಜತೆ ಸೇರಿ ಎಸ್‌ಸಿಆರ್-7 ಅನ್ನೋ ಅಣುವನ್ನು ತಯಾರಿಸಿ, ಅದು ಲೈಗೇಸ್-4ನ್ನು ತಡೆಯುತ್ತೆ, ಇಲಿಗಳಲ್ಲಿ ಗಡ್ಡೆ ಬೆಳೆಯೋದನ್ನು ತಗ್ಗಿಸುತ್ತೆ ಅಂತ 2012ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಬರೆಯಿತು. 2016ರಲ್ಲಿ ಅಮೆರಿಕದ ಒಂದು ತಂಡ, ಇದು ಲೈಗೇಸ್-4ನ್ನು ಅಷ್ಟು ಬಲವಾಗಿ ತಡೆಯಲ್ಲ, ಅದೊಂದನ್ನೇ ತಡೆಯೋದೂ ಅಲ್ಲ ಅಂತ ಆಕ್ಷೇಪಿಸಿತು. ಅಣುವಿನ ರಚನೆಯ ಬಗ್ಗೆಯೂ ಚರ್ಚೆ ನಡೆಯಿತು. 2018ರಲ್ಲಿ ಇವರು ಅದರ ಬೇರೆ ಬೇರೆ ರೂಪಗಳನ್ನು ಪರೀಕ್ಷಿಸಿ ಮತ್ತೆ ಉತ್ತರ ಕೊಟ್ಟರು. ಅದಿನ್ನೂ ಆಸ್ಪತ್ರೆಯ ಔಷಧಿ ಆಗಿಲ್ಲ. ಆದರೂ ಈ ಜಗಳ ನನಗೆ ಹಿಡಿಸ್ತು. ಎರಡು ಕಡೆಯವರೂ ಕೇಳಿದ್ದು ಏನು ನಡೆಯಿತು ಅಂತ. ನಾವು ಮನೆಯಲ್ಲಿ ಕೇಳ್ತಾ ಇದ್ದಿದ್ದು ಯಾರಿಂದ ಅಂತ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಸ್ಕ್ಯಾನ್‌ನಲ್ಲಿ ಈಗ ಏನೂ ಕಾಣ್ತಿಲ್ಲ. ಮುಂದೆ ಮತ್ತೆ ಬರಬಹುದು ಅಂತಲೂ ಹೇಳಿದ್ದಾರೆ. ಅಪ್ಪ, ನಾನು ಮಹಾಕೂಟಕ್ಕೆ ಹೋಗಿ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತೆವು. ಕತ್ತರಿ, ಬೆಸುಗೆ, 14, 18 ಎಲ್ಲ ಹೇಳಿದೆ. "ಕೆಮಿಸ್ಟ್ರಿಯವರು ಕಂಡುಹಿಡದಾರ" ಅಂದೆ. "ಕೆಮಿಸ್ಟ್ ಅಂದ್ರ ಮೆಡಿಕಲ್ ಅಂಗಡಿಯವರಲ್ಲೇನೋ?" ಅಂದರು. ನಕ್ಕೆ. ಆಮೇಲೆ ಸುಮ್ಮನಿರೋಕಾಗದೆ ಆ ಫೋನಿನ ವಿಷಯ ತೆಗೆದೆ. "ಅವತ್ತ ನಾ ಬಾ ಅನ್ನಬೇಕಿತ್ತಪ್ಪ."

ಅಪ್ಪ ಸ್ವಲ್ಪ ಹೊತ್ತು ನೀರು ನೋಡಿದರು. "ಡಾಕ್ಟರ ಆಮ್ಯಾಲೂ ಒಂದೂವರಿ ವರ್ಸ ಕಾದ್ರಲ್ಲೋ. ನಿನ್ನ ನಾಕ್ ತಿಂಗಳ ಏನ್ ಮಹಾ? ನೀನ ಹೇಳಿದಿ ಈಗ, ಯಾರ್ದೂ ತಪ್ಪಲ್ಲ ಅಂತ. ನಿಂದು ಮಾತ್ರ ಹೆಂಗ್ ತಪ್ಪಾಕ್ಕೈತಿ?"

ನನಗೆ ಮಾತು ಹೊರಡಲಿಲ್ಲ. ಅವರು ಅಂಗಿ ಬಿಚ್ಚಿ ಮೆಟ್ಟಿಲಿಳಿದರು. "ಪಾಪ ಇಲ್ಲ ಅಂದ್ಮ್ಯಾಲೆ ಮುಳಗೂದ್ಯಾಕಪ್ಪ?" ಅಂತ ಕೇಳಿದೆ.

"ಸೆಕಿ ಐತಿ, ಅದಕ್ಕ" ಅಂದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕುತ್ತಿಗೆ, ಕಂಕುಳಲ್ಲಿ ನೋವಿಲ್ಲದ ಗಂಟು ಆಗಿ ಎರಡು ಮೂರು ವಾರವಾದ್ರೂ ಕರಗದಿದ್ರೆ, ದಯವಿಟ್ಟು ಡಾಕ್ಟರಿಗೆ ತೋರಿಸಿ. ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ, ಎಲ್ಲಾ ಕ್ಯಾನ್ಸರೂ ನಿಧಾನದ್ದಲ್ಲ. ಆಮೇಲೆ ಏನೇ ಬಂದ್ರೂ, ತಪ್ಪು ಹುಡುಕ್ತಾ ಕೂರಬೇಡಿ.