ಸಾಸಿವೆ ದಿಂಬು

ಅಕ್ಕ ಬಾಣಂತನಕ್ಕೆಂದು ಅರಸೀಕೆರೆಯ ತವರಿಗೆ ಬಂದು ಮೂರು ತಿಂಗಳಾಗಿತ್ತು. ತಮ್ಮನಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ಅಂಥ ಹೊತ್ತಿನಲ್ಲಿ ಅಕ್ಕ ಮಗುವಿನ ಫೋಟೋ ಒಂದನ್ನು ಗಂಡನ ಮನೆಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಳು. ಅತ್ತೆಯ ಅಕ್ಕ, ಅಂದರೆ ದೊಡ್ಡತ್ತೆ, ಉತ್ತರಿಸಿದರು: ‘ಕೂಸು ಮುದ್ದಾಗಿದೆ. ಹಿಂದಲೆ ಮಾತ್ರ ಯಾಕೋ ರೊಟ್ಟಿ ತಟ್ಟಿದ ಹಾಗಿದೆಯಲ್ಲ?’

ಅಕ್ಕ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಹೆತ್ತವರು ಮಗುವಿನ ಮುಖ ನೋಡುತ್ತಾರೆಯೇ ಹೊರತು ನೆತ್ತಿಯ ಮೇಲಿನಿಂದ ನೋಡುವುದು ಕಡಿಮೆ. ಹಾಗೆ ನೋಡಿದಾಗ ಬಲಗಡೆಯ ಹಿಂಭಾಗ ಚಪ್ಪಟೆ, ಬಲಗಿವಿ ಒಂದಿಷ್ಟು ಮುಂದೆ, ಅದೇ ಬದಿಯ ಹಣೆಯೂ ತುಸು ಉಬ್ಬು. ‘ಸಮಾನಾಂತರ ಚತುರ್ಭುಜ ಕಣಕ್ಕಾ’ ಎಂದ ತಮ್ಮ ಬೈಸಿಕೊಂಡ. ರೇಖಾಗಣಿತದ ಮಟ್ಟಿಗೆ ಅವನು ಹೇಳಿದ್ದು ಸರಿಯೇ ಆಗಿತ್ತು.

‘ಸಾಸಿವೆ ದಿಂಬು ಹಾಕು ಅಂದ್ರೆ ಕೇಳಿದೆಯಾ?’ ಎಂದರು ಅಜ್ಜಿ. ಹಳೆಯ ಪಂಚೆಯ ಬಟ್ಟೆಯಲ್ಲಿ ಸಾಸಿವೆ ತುಂಬಿ ಹೊಲಿದ ಆ ಪುಟ್ಟ ದಿಂಬಿನ ಮೇಲೆ ಅವರು ಐದು ಮಕ್ಕಳನ್ನು ಬೆಳೆಸಿದ್ದರು. ‘ನಿಮ್ಮಮ್ಮನ ತಲೆ ನೋಡು, ತೆಂಗಿನಕಾಯಿ ಹಂಗಿದೆ. ಹಗಲೂ ರಾತ್ರಿ ಅಂಗಾತ ಮಲಗಿಸಿದ್ದಕ್ಕೇ ಹಿಂಗಾಗಿದ್ದು.’ ಆಸ್ಪತ್ರೆಯಲ್ಲಿ ಹೇಳಿದ್ದು ಮಾತ್ರ ಬೇರೆ: ಬೆನ್ನ ಮೇಲೇ ಮಲಗಿಸಿ, ದಿಂಬು ಬೇಡ.

ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿತ್ತು. ನಿದ್ದೆಯಲ್ಲೇ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆಗೆ ಬೆದರಿದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಕೂಸುಗಳನ್ನು ಬೋರಲು ಮಲಗಿಸಬೇಡಿ ಎಂದು 1992ರಲ್ಲಿ ಹೇಳಿತು. 1994ರಲ್ಲಿ ಅದು ದೇಶದ ದೊಡ್ಡ ಪ್ರಚಾರಾಂದೋಲನವಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವುಗಳು ಅರ್ಧಕ್ಕೂ ಕೆಳಗಿಳಿದವು. ಚಪ್ಪಟೆ ತಲೆಯ ಕೂಸುಗಳು ಹೆಚ್ಚಾದವು. ಜೀವ ಉಳಿಸಿದ್ದಕ್ಕೆ ತೆತ್ತ ಸಣ್ಣ ಸುಂಕ ಅದು. ಆದರೆ ಸುಂಕ ಕಟ್ಟಿದ ತಾಯಿಗೆ ಅದು ಸಣ್ಣದಾಗಿ ಕಾಣುವುದಿಲ್ಲ. ‘ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ’ ಎಂಬುದೊಂದೇ ಅಕ್ಕನ ಜಪ. ಮಿದುಳಿಗೇನಾದರೂ ಆದರೆ ಎಂಬ ಭಯ ಬೇರೆ.

ಮಕ್ಕಳ ಡಾಕ್ಟರು ನೆತ್ತಿ ಮುಟ್ಟಿ ನೋಡಿದರು. ತಲೆಬುರುಡೆಯ ಮೂಳೆಗಳ ಸಂದುಗಳ ಮೇಲೆ ಬೆರಳಾಡಿಸಿದರು. ಸಂದು ಹೊತ್ತಿಗೆ ಮೊದಲೇ ಬೆಸೆದುಕೊಂಡು ಅಲ್ಲಿ ಏಣು ಎದ್ದಿದ್ದರೆ ಅದು ಬೇರೆಯೇ ಕಾಯಿಲೆ, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಇಲ್ಲಿ ಹಾಗಿರಲಿಲ್ಲ. ಒಂದೇ ಕಡೆ ಒತ್ತಡ ಬಿದ್ದು ಎಳೆಯ ಮೂಳೆ ತಗ್ಗಿತ್ತು, ಅಷ್ಟೆ. ಈ ಒತ್ತಡದಿಂದ ಮಿದುಳಿಗೆ ಕೇಡಾಗುವುದಿಲ್ಲ ಎಂದರು. ಬೆಂಗಳೂರಿನ ನಂಟರೊಬ್ಬರು ಹೆಲ್ಮೆಟ್ ಹಾಕಿಸಿ ಎಂದಿದ್ದರು. ಅದಕ್ಕೂ ಡಾಕ್ಟರು ಅವಸರಪಡಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 84 ಕೂಸುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಲ್ಮೆಟ್ ಹಾಕಿದವರಿಗೂ ಹಾಕದವರಿಗೂ ಎರಡು ವರ್ಷದ ಹೊತ್ತಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಅಜ್ಜಿ ಬಾಯಿ ಬಿಟ್ಟರು: ‘ಡಾಕ್ಟ್ರಮ್ಮಾ, ಇದು ಎಡಕ್ಕೆ ಕತ್ತೇ ತಿರುಗಿಸಲ್ಲ. ಕಾಲ ಮೇಲೆ ಹಾಕ್ಕೊಂಡು ನೀರು ಹಾಕ್ತೀನಲ್ಲ, ಕೈಗೆ ಗೊತ್ತಾಗುತ್ತೆ.’

ಡಾಕ್ಟರು ಮತ್ತೆ ಪರೀಕ್ಷಿಸಿದರು. ಹೌದು, ಎಡಗಡೆಯ ಕತ್ತಿನ ಸ್ನಾಯು ಬಿಗಿದಿತ್ತು. ಹಾಗಾಗಿಯೇ ಮಗು ಸದಾ ಬಲಕ್ಕೆ ಹೊರಳಿ ಮಲಗುತ್ತಿತ್ತು. ಇಡೀ ಮನೆ ಫೋಟೋ ನೋಡುತ್ತಿದ್ದಾಗ ಮೂಲ ಹಿಡಿದದ್ದು ಎಣ್ಣೆ ಹಚ್ಚುವ ಕೈ. ಆದರೆ ಡಾಕ್ಟರು ಅದೇ ಅಜ್ಜಿಗೆ ಎರಡು ಮಾತು ಹೇಳಬೇಕಾಯಿತು: ತಲೆಯನ್ನು ಒತ್ತಿ ತಿದ್ದಬೇಡಿ, ದಿಂಬು ಇಡಬೇಡಿ. ಮೆತ್ತನೆಯದಕ್ಕೆ ಮೂಗು ಸಿಕ್ಕಿದರೆ ಉಸಿರು ಕಟ್ಟೀತು. ತಲೆ ದುಂಡಗೆ ಮಾಡುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೂ 2022ರಲ್ಲಿ ಎಚ್ಚರಿಸಿತ್ತು. ಅಜ್ಜಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ದಿಂಬಿನ ಹೊಲಿಗೆ ಬಿಚ್ಚಿ ಸಾಸಿವೆಯನ್ನು ಡಬ್ಬಿಗೆ ಸುರಿದರು.

ಆಮೇಲಿನದು ಬೇಸರ ಬರುವಷ್ಟು ಸಾದಾ ಕೆಲಸ. ಫಿಸಿಯೋಥೆರಪಿಯವರು ಕಲಿಸಿದಂತೆ ದಿನಕ್ಕೆ ಹಲವು ಸಲ ಕತ್ತಿನ ವ್ಯಾಯಾಮ. ಮಲಗಿಸುವುದು ಅಂಗಾತವೇ, ಆದರೆ ತಲೆ ಇದ್ದ ಕಡೆಗೆ ಕಾಲು, ಕಾಲಿದ್ದ ಕಡೆಗೆ ತಲೆ. ಬೆಳಕಿನ ಕಿಟಕಿ ಈಗ ಎಡಕ್ಕೆ ಬಂತು. ಎಚ್ಚರವಿದ್ದಾಗ, ಕಣ್ಣೆದುರಿನಲ್ಲೇ, ಚಾಪೆಯ ಮೇಲೆ ಬೋರಲು. ಮೊದಲ ದಿನ ಒಂದು ನಿಮಿಷಕ್ಕೇ ರಂಪ. ತಮ್ಮನೇ ಭೌತಶಾಸ್ತ್ರದ ಪುಸ್ತಕ ಹಿಡಿದು ಎದುರಿಗೆ ಬೋರಲಾದ. ಅವನು ಗಟ್ಟಿಯಾಗಿ ಓದಿದಂತೆ ಮಗು ತಲೆಯೆತ್ತಿ ಕೇಳುತ್ತಿತ್ತು. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದ ಮೇಲೆಲ್ಲ ಜೊಲ್ಲಿನ ಕಲೆ. ಪರೀಕ್ಷೆಯಲ್ಲಿ ಆ ಪಾಠದ ಪ್ರಶ್ನೆಯನ್ನು ಅವನು ಬಿಡಲಿಲ್ಲವಂತೆ.

ಏಳನೆಯ ತಿಂಗಳಿಗೆ ಮಗು ಕೂತಿತು. ಹಿಂದಲೆಯ ಭಾರ ಇಳಿಯಿತು, ಕೂದಲೂ ದಟ್ಟವಾಯಿತು. ಅಕ್ಕ ದಿನವೂ ಮೇಲಿನಿಂದ ನೋಡುವುದನ್ನು ಬಿಟ್ಟಳು.

ವರ್ಷ ತುಂಬಿ ಮನೆದೇವರಿಗೆ ಮುಡಿ ಕೊಟ್ಟ ದಿನ ಎದೆ ಮತ್ತೆ ಡವಡವ. ಕತ್ತಿ ಆಡಿದ ಹಾಗೆ ತಲೆ ಬಯಲಾಯಿತು. ಬಲಕ್ಕೆ ಕೊಂಚ ತಗ್ಗು, ಹುಡುಕಿದವರಿಗೆ ಮಾತ್ರ. ತೇದ ಗಂಧದ ಬಟ್ಟಲು ಹಿಡಿದು ಮುಂದೆ ಬಂದವರು ದೊಡ್ಡತ್ತೆಯೇ. ಬೋಳು ತಲೆಗೆ ಸವರುತ್ತ ಅವರ ಅಂಗೈ ಬಲಗಡೆ ಒಂದು ಗಳಿಗೆ ನಿಂತಿತು. ‘ಅಯ್ಯೋ, ಎಷ್ಟು ತಣ್ಣಗಿದೆಯೋ ಬಂಗಾರೀ’ ಎಂದು ಇನ್ನೊಂದಿಷ್ಟು ಗಂಧ ಹಚ್ಚಿದರು.