ಹೆಜ್ಜೆ ಅಳೆದು ಇಡುವ ಹುಡುಗ

‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಹುಡುಗನಿಗೆ ಎರಡು ನಡಿಗೆ. ಬಾಣದ ಗುರುತಿನ ಗುಂಡಿಯನ್ನಷ್ಟೇ ಒತ್ತಿದರೆ ಓಡುತ್ತಾನೆ. ಶಿಫ್ಟ್ ಹಿಡಿದು ಒತ್ತಿದರೆ ಒಂದೇ ಹೆಜ್ಜೆ, ಅದನ್ನೂ ಎದುರಿನ ನೆಲ ಅಳೆದು ನೋಡಿಯೇ ಇಡುತ್ತಾನೆ. ಹಾಸುಗಲ್ಲಿನ ಅಂಚು ಬಂತೆಂದರೆ ತಡೆದು ನಿಲ್ಲುತ್ತಾನೆ. ನೆಲದಿಂದ ಚಿಮ್ಮುವ ಕಬ್ಬಿಣದ ಮೊನೆಗಳ ನಡುವೆ ಈ ನಡಿಗೆಯಲ್ಲಿ ದಾಟಿದರೆ ಮೈಗೆ ಗೀರೂ ಬೀಳುವುದಿಲ್ಲ. ಓಡಿದರೆ ಅಲ್ಲೇ ಮುಗಿಯಿತು. ಆಟಕ್ಕಿರುವ ಕಾಲ ಅರವತ್ತೇ ನಿಮಿಷ, ಅದರೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಗಡಿಯಾರ ಓಡು ಅನ್ನುತ್ತದೆ, ನೆಲ ನಿಲ್ಲು ಅನ್ನುತ್ತದೆ. ಈ ಎರಡರ ನಡುವಿನ ಜಗ್ಗಾಟದ ರುಚಿ ಹತ್ತಿದವನು ನಾನು.

ಇದನ್ನು ನಾನು ಆಡುವ ಡಬ್ಬಿ ಅಂಗೈಗಿಂತ ಸ್ವಲ್ಪ ಉದ್ದ. ಆನ್‌ಬರ್ನಿಕ್ ಎಂಬ ಚೀನಾ ಕಂಪನಿಯ ಆರ್‌ಜಿ35ಎಕ್ಸ್‌ಎಕ್ಸ್ ಎಚ್, 2024ರಲ್ಲಿ ಬಂದದ್ದು. ಮೂರೂವರೆ ಇಂಚಿನ ಪರದೆ, ಎಡಕ್ಕೆ ನಾಲ್ಕು ದಿಕ್ಕಿನ ಗುಂಡಿ, ಬಲಕ್ಕೆ ನಾಲ್ಕು ಬಟನ್, ಹೆಗಲ ಮೇಲೆ ನಾಲ್ಕು, ಹೆಬ್ಬೆರಳಿಗೆ ಎರಡು ಕಡ್ಡಿ. ಒಳಗಿರುವುದು ಲಿನಕ್ಸ್. ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ಇಡೀ ಯಂತ್ರದ ಸಂಸಾರ ಫೋಲ್ಡರ್‌ಗಳಾಗಿ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಯಾವ ಗುಂಡಿಗೆ ಯಾವ ಕೆಲಸ ಎಂಬುದು ಒಂದು ಸಾದಾ ಅಕ್ಷರದ ಫೈಲಿನಲ್ಲಿದೆ. ಓದು, ಬದಲಿಸು, ಉಳಿಸು. ಬೇಡ ಅನ್ನುವವರು ಯಾರೂ ಇಲ್ಲ.

ನಮ್ಮೂರು ಶಿರವಾಳದಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ಹತ್ತಿ ಬಿಡಿಸಿ ಮುಗಿದಿರುತ್ತದೆ, ಹೊಲ ಖಾಲಿ, ಊರಿನ ಹಳೆಯ ಗುಡಿಗಳ ಕಲ್ಲು ಕಾದು ಕುದಿಯುತ್ತಿರುತ್ತದೆ. ಕರೆಂಟ್ ಹೋದರೂ ಡಬ್ಬಿಯ ಬ್ಯಾಟರಿ ಗಂಟೆಗಟ್ಟಲೆ ಬರುತ್ತದೆ. ನಾನು ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂಡುತ್ತೇನೆ.

ಆಡುವುದಕ್ಕಿಂತ ಮೊದಲಿನ ಕೆಲಸವೂ ನನಗೆ ಆಟವೇ. ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆಯ ಕಾಲದ ಆಟಗಳನ್ನು ಕೀಬೋರ್ಡಿಗಾಗಿ ಬರೆದಿದ್ದರು. ನೂರರ ಆಸುಪಾಸಿನ ಕೀಲಿಗಳಲ್ಲಿ ಆಟಕ್ಕೆ ನಿಜವಾಗಿ ಬೇಕಾದವು ಯಾವುವು ಎಂದು ಆರಿಸಿ ಈ ಹತ್ತಾರು ಗುಂಡಿಗಳಿಗೆ ಹಂಚಬೇಕು. ಹುಡುಗನ ಆ ಎಚ್ಚರದ ಹೆಜ್ಜೆಗೆ ಬೇಕಾದ ಶಿಫ್ಟನ್ನು ನಾನು ಎಡ ಹೆಗಲ ಗುಂಡಿಗೆ ಕೊಟ್ಟಿದ್ದೇನೆ. ತೋರುಬೆರಳು ಅದನ್ನು ಒತ್ತಿ ಹಿಡಿದಿರುತ್ತದೆ, ಅದೇ ಕೈಯ ಹೆಬ್ಬೆರಳು ದಿಕ್ಕಿನ ಗುಂಡಿಯ ಮೇಲೆ. ಅಂಚಿಗೆ ನೇತುಬೀಳುವಾಗಲೂ ಬೇಕಾದದ್ದು ಅದೇ ಶಿಫ್ಟ್. ಹಿಡಿದಿದ್ದರೆ ಹುಡುಗ ಜೋತಾಡುತ್ತಾನೆ, ಬೆರಳು ಬಿಟ್ಟರೆ ಕೆಳಗೆ. ಅವನು ಕಲ್ಲನ್ನು ಹಿಡಿದಾಗ ನನ್ನ ಬೆರಳೂ ಬಾಗಿ ಹಿಡಿದಿರುತ್ತದೆ. ಕೀಬೋರ್ಡಿನ ಮೇಲೆ ಈ ಸುಖ ನನಗೆ ಸಿಕ್ಕಿರಲಿಲ್ಲ.

ಪರದೆಯದು ಇನ್ನೊಂದು ಲೆಕ್ಕ. ಆ ಕಾಲದ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿ. ನನ್ನ ಪರದೆ 640ಕ್ಕೆ 480. ಅಡ್ಡಕ್ಕೆ ಸರಿಯಾಗಿ ಎರಡು ಪಟ್ಟು, ಉದ್ದಕ್ಕೆ ಎರಡು ದಶಮಾಂಶ ನಾಲ್ಕು ಪಟ್ಟು. ಹಾಗೇ ಹಿಗ್ಗಿಸಿದರೆ ಒಂದು ಸಾಲು ದಪ್ಪ, ಪಕ್ಕದ್ದು ತೆಳು. ಇಟ್ಟಿಗೆಯ ಗೆರೆಗಳು ಏರುಪೇರಾಗುತ್ತವೆ. ಎರಡೇ ಪಟ್ಟಿಗೆ ನಿಲ್ಲಿಸಿದರೆ ಗೆರೆಗಳು ಚೊಕ್ಕವಾಗಿ ಬರುತ್ತವೆ, ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದು ಹುಡುಗ ಆರರಲ್ಲಿ ಒಂದು ಪಾಲು ಗಿಡ್ಡನಾಗುತ್ತಾನೆ. ಚೊಕ್ಕ ಗೆರೆಯೇ ಮುಖ್ಯ ಅನ್ನುವವರು ಬಹಳ. ನಾನು ಗೆರೆ ಸ್ವಲ್ಪ ಏರುಪೇರಾದರೂ ಸರಿ, ಪೂರ್ತಿ ಎತ್ತರಕ್ಕೇ ಆಡುತ್ತೇನೆ. ಅದಕ್ಕೆ ಕಾರಣ ಆ ಹುಡುಗನ ಮೈ.

ಅದು ನಿಜವಾದ ಒಬ್ಬ ಹುಡುಗನ ಮೈ. ಈ ಆಟ ಬರೆದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ, ವಾಹನ ನಿಲ್ಲಿಸುವ ಬಯಲಿನಲ್ಲಿ ಓಡಿಸಿ, ಹಾರಿಸಿ, ಜೋತಾಡಿಸಿ ವಿಡಿಯೋ ಮಾಡಿಕೊಂಡ. ಆಮೇಲೆ ಒಂದೊಂದೇ ಚಿತ್ರವನ್ನು ನಿಲ್ಲಿಸಿ ಅದರ ಆಕಾರವನ್ನು ಕಂಪ್ಯೂಟರಿಗೆ ಇಳಿಸಿದ. ಕತ್ತಿವರಸೆಯ ಪಟ್ಟುಗಳನ್ನು ತೆಗೆದದ್ದು 1938ರ ರಾಬಿನ್ ಹುಡ್ ಸಿನಿಮಾದಿಂದ. ಆಟದ ಸಂಗೀತ ಅವನ ತಂದೆಯದು. ಆಪಲ್ 2 ಯಂತ್ರಕ್ಕೆ 1989ರಲ್ಲಿ, ಡಾಸ್‌ಗೆ ಮರುವರ್ಷ ಬಂದ ಆ ಆಟದಲ್ಲಿ ಹುಡುಗ ಓಡುತ್ತಿದ್ದವನು ನಿಲ್ಲುವಾಗ ಕಾಲು ಜಾರಿಸಿ ತೂಕ ಹಿಂದಕ್ಕೆ ಹಾಕುತ್ತಾನಲ್ಲ, ಅದು ಡೇವಿಡ್ ಆ ಬಯಲಿನಲ್ಲಿ ಹಾಕಿದ ತೂಕ. ಅಂಥವನನ್ನು ಗಿಡ್ಡ ಮಾಡಿ ಆಡಲು ನನಗೆ ಮನಸ್ಸಿಲ್ಲ.

ಇನ್ನೂ ಆಡದವರು ಮುಂದಿನ ಒಂದು ಪ್ಯಾರಾ ಬಿಟ್ಟು ಓದುವುದು ಒಳ್ಳೆಯದು.

ನಾಲ್ಕನೆಯ ಹಂತದಲ್ಲಿ ಒಂದು ಕನ್ನಡಿ ದಾರಿಗೆ ಅಡ್ಡ ನಿಂತಿರುತ್ತದೆ. ಓಡಿ ಬಂದು ಅದರೊಳಗೇ ಹಾರಿದರೆ ಹುಡುಗನ ನೆರಳು ಆಚೆಗೆ ಜಿಗಿದು ಬೇರೆಯಾಗಿ ಹೋಗುತ್ತದೆ. ಮೆಕ್ನರ್‌ಗೆ ಇನ್ನೊಂದು ಪಾತ್ರ ಬರೆಯಲು ಯಂತ್ರದ ಮೆಮೊರಿಯಲ್ಲಿ ಜಾಗವೇ ಉಳಿದಿರಲಿಲ್ಲ. ಇದ್ದ ಹುಡುಗನ ಚಿತ್ರವನ್ನೇ ಒಂದು ಚುಕ್ಕಿ ಸರಿಸಿ ಅದರ ಮೇಲೇ ಕೂಡಿಸಿದಾಗ ಮಿನುಗುವ ಒಂದು ಛಾಯೆ ಎದ್ದು ಬಂತು. ಹೀಗೆ ಹುಟ್ಟಿದ ನೆರಳು ನಮ್ಮ ಬಾಯಿಗೆ ಬರುವ ಮದ್ದನ್ನು ಕುಡಿದುಬಿಡುತ್ತದೆ, ಬಾಗಿಲು ಹಾಕುತ್ತದೆ, ಕೊನೆಗೆ ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಮ್ಮ ಜೀವವೇ ಕಡಿಮೆಯಾಗುತ್ತದೆ. ಕೆಳಗಿನ ಗುಂಡಿ ಒತ್ತಿ ಕತ್ತಿಯನ್ನು ಒಳಗಿಡಬೇಕು. ನೆರಳೂ ಇಡುತ್ತದೆ. ಆಗ ಅದರ ಕಡೆಗೆ ಓಡಿದರೆ ಇಬ್ಬರೂ ಒಂದಾಗುತ್ತಾರೆ. ಅಲ್ಲಿಂದ ಮುಂದೆ ನೆಲವೇ ಇಲ್ಲ, ಬರೀ ಕಂದಕ. ಆಟದುದ್ದಕ್ಕೂ ಹೆಜ್ಜೆ ಅಳೆದು ಇಡು ಎಂದು ಕಲಿಸಿದ ಆಟ ಇಲ್ಲಿ ಕಾಣದ ನೆಲದ ಮೇಲೆ ಓಡು ಅನ್ನುತ್ತದೆ. ಓಡಿದರೆ ಕಾಲ ಕೆಳಗೆ ಒಂದೊಂದೇ ಕಲ್ಲು ಮೂಡುತ್ತಾ ಹೋಗುತ್ತದೆ. ಗೊತ್ತಿದ್ದೂ ಪ್ರತಿಸಲ ಅಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಈ ಆಟದ ಮೂಲ ಬರಹ, ಅಂದರೆ ಆಪಲ್ 2 ಯಂತ್ರಕ್ಕಾಗಿ ಬರೆದ ಸೋರ್ಸ್ ಕೋಡ್, ಬಹಳ ಕಾಲ ಕಾಣೆಯಾಗಿತ್ತು. 2012ರಲ್ಲಿ ಮೆಕ್ನರ್‌ನ ತಂದೆಗೆ ಮನೆಯಲ್ಲಿ ಹಳೆಯ ಫ್ಲಾಪಿಗಳ ಡಬ್ಬಿ ಸಿಕ್ಕಿತು. ಅದರಿಂದ ಓದಿ ತೆಗೆದದ್ದನ್ನು ಮೆಕ್ನರ್ ಎಲ್ಲರೂ ನೋಡುವಂತೆ ಬಿಚ್ಚಿಟ್ಟ. ‘ಡೂಮ್’ ಆಟದ ಕಥೆಯೂ ಹೀಗೇ, ಅದು 1993ರ ಡಿಸೆಂಬರಿನಲ್ಲಿ ಬಂತು. ನಾಲ್ಕು ವರ್ಷಕ್ಕೆ ಅದರ ಮೂಲ ಬರಹವನ್ನು ಬರೆದವರೇ ಬಿಟ್ಟುಕೊಟ್ಟರು. ಅದಕ್ಕೇ ಇವತ್ತು ಅದು ಓಡದ ಯಂತ್ರ ಹುಡುಕುವುದೇ ಕಷ್ಟ. ನಮ್ಮ ಕಡೆ ಹುಲಿಮನಿ ಆಡುವವರು ಮನೆಯಿಂದ ಹಲಗೆ ತರುವುದಿಲ್ಲ. ಯಾವ ಕಟ್ಟೆ ಸಿಕ್ಕರೆ ಆ ಕಟ್ಟೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಹರಳು ಇಟ್ಟು ಶುರು ಮಾಡುತ್ತಾರೆ. ಕಟ್ಟು ಗೊತ್ತಿದ್ದವರು ಇರುವತನಕ ಆ ಆಟಕ್ಕೆ ಮುಪ್ಪಿಲ್ಲ. ಮೂಲ ಬರಹ ಕೈಗೆ ಬಂದ ಕಂಪ್ಯೂಟರ್ ಆಟವೂ ಹಾಗೇ ಕಟ್ಟೆಯಿಂದ ಕಟ್ಟೆಗೆ ಹೋಗುತ್ತದೆ. ಬರಹ ಬೀಗದಲ್ಲೇ ಉಳಿದ ಆಟಗಳಿಗೆ ಡಾಸ್‌ಬಾಕ್ಸ್ ಇದೆ, ಹಳೆಯ ಕಂಪ್ಯೂಟರನ್ನೇ ಹೊಸದರೊಳಗೆ ಅಭಿನಯಿಸುವ ತಂತ್ರಾಂಶ. 1980ರ ದಶಕದ ಹಲವು ಆಟಗಳು ಪ್ರೊಸೆಸರಿನ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು. ಇಂದಿನ ವೇಗ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಆಟ ಮುಗಿಯುತ್ತದೆ. ಡಾಸ್‌ಬಾಕ್ಸಿನಲ್ಲಿ ಸೈಕಲ್ಸ್ ಎಂಬ ಒಂದು ಅಂಕಿ ಇದೆ. ಅದನ್ನು ಏರಿಸಿ ಇಳಿಸಿ ಆ ಆಟದ ಉಸಿರು ಸಿಗುವತನಕ ಹೊಂದಿಸಬೇಕು. ತಂಬೂರಿ ಶ್ರುತಿ ಮಾಡುವವರ ಏಕಾಗ್ರತೆ ನನಗೆ ಅಲ್ಲಿ ಬರುತ್ತದೆ.

ನನ್ನ ಡಬ್ಬಿಯಂತೆ ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರ ನಮ್ಮ ನಾಡಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಜತೆ ಸೇರಿ ಸಿಂಪ್ಯೂಟರ್ ಎಂಬ ಯಂತ್ರವನ್ನು ರೂಪಿಸಿದರು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಹಳ್ಳಿಯ ಜನ ಹಂಚಿಕೊಂಡು ಬಳಸಲಿ, ತಮ್ಮತಮ್ಮ ವಿವರವನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲಿ, ಓದು ಬಾರದವರಿಗೆ ಯಂತ್ರವೇ ನಮ್ಮ ಭಾಷೆಯಲ್ಲಿ ಓದಿ ಹೇಳಲಿ ಎಂಬುದು ಅವರ ಆಸೆ. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಅದನ್ನು ಬಳಸಿತು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಅದನ್ನು ಓರೆ ಮಾಡಿದರೆ ಓರೆಯಾದದ್ದು ಅದಕ್ಕೆ ತಿಳಿಯುತ್ತಿತ್ತು. ಆ ಸಂವೇದಕವನ್ನು ಆಟಕ್ಕೂ ಬಳಸಿಕೊಳ್ಳಬಹುದಿತ್ತು. ಮೊದಲ ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಅಂದುಕೊಂಡಷ್ಟು ಅದು ಮಾರಾಟವಾಗಲಿಲ್ಲ, ಆ ವಿಷಯಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 2005ರಲ್ಲಿ ಕೊರಿಯಾದವರು ಜಿಪಿ2ಎಕ್ಸ್ ಎಂಬ ಲಿನಕ್ಸ್ ಆಟದ ಯಂತ್ರ ತಂದರು, ನನ್ನ ಡಬ್ಬಿಯ ಹಿರಿಯರಲ್ಲಿ ಅದೂ ಒಂದು. ಆ ವಂಶವೃಕ್ಷದಲ್ಲಿ ಬೆಂಗಳೂರಿನ ಕೊಂಬೆಯನ್ನೂ ನಾನು ಬರೆದುಕೊಂಡಿದ್ದೇನೆ.

ಅಣ್ಣನ ಮಗಳು ರಜೆಗೆ ಬಂದಾಗ ಡಬ್ಬಿ ಅವಳ ಕೈಗೆ ಹೋಗುತ್ತದೆ. ಮೊದಲು ‘ಡೇಂಜರಸ್ ಡೇವ್’ ಕೊಟ್ಟೆ. ಜಾನ್ ರೊಮೆರೊ 1988ರಲ್ಲಿ ಬರೆದ ಆಟ, ಬಟ್ಟಲು ಹಿಡಿಯದೆ ಬಾಗಿಲು ತೆರೆಯದು. ಶಹಾಪುರದ ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಮುಗಿಸಿದವರಿಗೆ ಸಿಗುತ್ತಿದ್ದ ಬಹುಮಾನ ನಮಗೆ ಅದೇ ಆಗಿತ್ತು. ಅವಳು ಅದನ್ನು ಬೇಗ ಅರಗಿಸಿಕೊಂಡು ಪ್ರಿನ್ಸ್‌ಗೆ ಬಂದಳು. ಬಂದವಳೇ ಓಡಿಸಿ ಓಡಿಸಿ ಬೀಳಿಸಿದಳು.

“ಕಾಕಾ, ಇವಂಗ ಕಣ್ಣ್ ಕಾಣಂಗಿಲ್ಲೇನು? ಸೀದಾ ಹೋಗಿ ಬೀಳ್ತಾನ!”

“ಆ ಹೆಗಲಿನ ಗುಂಡಿ ಹಿಡಿ. ಈಗ ಒತ್ತು.”

ಹುಡುಗ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಅಂಚಿನಲ್ಲಿ ನಿಂತ.

“ಅಯ್ಯ, ಈಗ ನೋಡ್ಕೋತ ಹೊಂಟಾನ,” ಅಂದಳು. ಅಲ್ಲಿಂದ ಅವಳು ಉಸಿರು ಬಿಗಿಹಿಡಿದು ಮೊನೆಗಳ ನಡುವೆ ಅವನನ್ನು ದಾಟಿಸುವುದನ್ನು ನೋಡುತ್ತಾ ಕೂತೆ. ಹೇಳಿಕೊಡಬೇಕಾದದ್ದು ಏನೂ ಉಳಿದಿರಲಿಲ್ಲ.

ಈಗ ಇಬ್ಬರೂ ಸೇರಿ ‘ಬಿನೀತ್ ಎ ಸ್ಟೀಲ್ ಸ್ಕೈ’ ಆಡುತ್ತಿದ್ದೇವೆ. 1994ರ ಆಟ, ಅದನ್ನು ಮಾಡಿದವರೇ 2003ರಲ್ಲಿ ಉಚಿತವಾಗಿ ಬಿಟ್ಟರು, ಸ್ಕಮ್‌ವಿಎಂ ಎಂಬ ತಂತ್ರಾಂಶದ ಮೇಲೆ ಓಡುತ್ತದೆ. ಮೌಸ್‌ನ ಕೆಲಸ ಎಡ ಕಡ್ಡಿಯದು. ಪರದೆಯ ಮೇಲಿನ ಬಾಣದ ವೇಗ ಮೊದಲಿಗೆ ಹೆಚ್ಚಾಗಿತ್ತು, ಅವಳ ಬೆರಳಿಗೆ ತಕ್ಕಂತೆ ಇಳಿಸಿದ್ದೇನೆ. ಮಾತೇ ಹೆಚ್ಚಿರುವ ಆಟ, ಎಲ್ಲವೂ ಇಂಗ್ಲಿಷಿನಲ್ಲಿ. ಪರದೆಯ ಮೇಲೆ ಬಂದದ್ದನ್ನು ನಾನು ನಮ್ಮ ಮಾತಿನಲ್ಲಿ ಹೇಳುತ್ತಾ ಹೋಗುತ್ತೇನೆ. ನಾಯಕನ ಗೆಳೆಯ ಜೋಯಿ ಎಂಬ ರೋಬೋ, ಅವನ ಜೀವ ಇರುವುದು ಒಂದು ಸಣ್ಣ ಸರ್ಕ್ಯೂಟ್ ಬೋರ್ಡಿನಲ್ಲಿ. ಸಿಕ್ಕ ಯಂತ್ರದ ಮೈಯೊಳಗೆ ಅದನ್ನು ಕೂರಿಸಿದರೆ ಎದ್ದು ಮಾತಾಡುತ್ತಾನೆ, ಸಿಕ್ಕ ಮೈ ಸರಿಯಿಲ್ಲವೆಂದು ಜಗಳವನ್ನೂ ಆಡುತ್ತಾನೆ. ಜೋಯಿಯ ಜಗಳವನ್ನು ಸುರಪುರದ ಬಸ್‌ಸ್ಟ್ಯಾಂಡಿನ ಧಾಟಿಯಲ್ಲೇ ಹೇಳಬೇಕೆಂದು ಅವಳ ಕಟ್ಟಪ್ಪಣೆ. ನಿನ್ನೆ ಒಂದು ಮಾತನ್ನು ಹಾರಿಸಿ ಮುಂದೆ ಹೋದೆ, “ಅಂವ ಇಷ್ಟ ಅಂದಿಲ್ಲ, ಇನ್ನೂ ಏನೋ ಅಂದಾನ, ಪೂರಾ ಹೇಳು” ಎಂದು ಹಿಂದಿನ ಮಾತಿಗೆ ವಾಪಸ್ ಕರೆದುಕೊಂಡು ಹೋದಳು.